ಕೋಟೆ ಹೋದ ಮೇಲೆ ಉಳಿದ ಉಕ್ಕಡ

ಮೈಸೂರಿನಿಂದ ಹೊರಟು ಚಾಮರಾಜನಗರ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವು, ಬಣ್ಣಾರಿ, ಸತ್ಯಮಂಗಲ ದಾಟಿದ ಬಸ್ಸು ಕೊಯಮತ್ತೂರಿನ ಗಾಂಧಿಪುರದಲ್ಲಿ ನಿಲ್ಲುತ್ತದೆ. ಪಳನಿಗೋ ಪೊಳ್ಳಾಚಿಗೋ ಪಾಲಕ್ಕಾಡಿಗೋ ಹೋಗುವವರು ಅಲ್ಲಿಂದ ಟೌನ್ ಬಸ್ಸು ಹಿಡಿಯಬೇಕು. ಅದರ ಕಂಡಕ್ಟರ್ ‘ಉಕ್ಕಡಂ, ಉಕ್ಕಡಂ’ ಎಂದು ಕೂಗುವುದನ್ನು ಮೊದಲ ಸಲ ಕೇಳಿದಾಗ, ಪರವೂರಿನಲ್ಲಿ ಯಾರೋ ನನ್ನ ಮನೆಯ ಹೆಸರು ಹಿಡಿದು ಕರೆದಂತಾಗಿತ್ತು. ಉಕ್ಕಡ ನಮಗೆ ಗೊತ್ತಿರುವ ಮಾತು. ಕಾವಲಿನ ಠಾಣೆಗೆ, ಸುಂಕದ ಕಟ್ಟೆಗೆ ಕನ್ನಡದಲ್ಲಿ ಆ ಹೆಸರಿತ್ತು. ಶ್ರೀರಂಗಪಟ್ಟಣದ ಹತ್ತಿರ ಮಾರಮ್ಮನ ಭಕ್ತರು ನೆರೆಯುವ ಆರತಿ ಉಕ್ಕಡ ಇಂದಿಗೂ ಆ ಪದವನ್ನು ಹೊತ್ತುಕೊಂಡಿದೆ.

ಉಕ್ಕಡಂ ನಿಲ್ದಾಣದಲ್ಲಿ ಇಳಿದವರು ಯಾರೂ ಅಲ್ಲಿ ನಿಲ್ಲುವುದಿಲ್ಲ. ಮುಂದಿನ ಬಸ್ಸಿನ ಬೋರ್ಡು ಹುಡುಕುತ್ತಾರೆ. ಕಳೆದ ಸಲ ಅಲ್ಲಿ ಗುಂಡ್ಲುಪೇಟೆಯ ಕಡೆಯ ಒಂದು ಕುಟುಂಬ ಸಿಕ್ಕಿತು. ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ಪಳನಿಗೆ ಹೊರಟಿದ್ದರು. ನನ್ನ ಕನ್ನಡ ಕೇಳಿ ಆತ ಹತ್ತಿರ ಬಂದರು. ‘ಬಸ್ಸಿಗಿನ್ನೂ ಹೊತ್ತಿದೆ ಸಾರ್. ಇಲ್ಲಿ ಮಕ್ಕಳಿಗೆ ತೋರ್ಸೋ ಅಂಥದ್ದು ಏನಾದ್ರೂ ಇದೆಯಾ?’

ಇದೆ. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರದಲ್ಲಿ ಕೋಟೈಮೇಡು ಎಂಬ ಬಡಾವಣೆ. ಮೇಡು ಎಂದರೆ ದಿಬ್ಬ, ಹೆಸರಿಗೆ ಅದು ಕೋಟೆದಿಬ್ಬ. ಅಲ್ಲಿನ ಚಹದಂಗಡಿಯೊಂದರಲ್ಲಿ ಕೋಟೆ ಎಲ್ಲಿದೆಯಣ್ಣ ಎಂದು ಹಿಂದೊಮ್ಮೆ ಕೇಳಿದ್ದೆ. ಅಂಗಡಿಯಾತ ಲೋಟ ತೊಳೆಯುತ್ತಲೇ ತಮಿಳಿನಲ್ಲಿ ಹೇಳಿದ್ದರು: ‘ನೀವು ನಿಂತಿದ್ದೀರಲ್ಲ, ಇದೇ ಕೋಟೆ.’ ಗೋಡೆಯಿಲ್ಲ, ಕಂದಕವಿಲ್ಲ, ಹೆಬ್ಬಾಗಿಲಿಲ್ಲ. ಕೋಟೈ ಈಶ್ವರನ್ ಎಂದು ಊರವರು ಕರೆಯುವ ಸಂಗಮೇಶ್ವರನ ಗುಡಿ ಇದೆ, ಮಸೀದಿ ಇದೆ, ಒತ್ತಾದ ಮನೆಗಳಿವೆ.

ಈ ಕೋಟೆ ಮೈಸೂರಿನದು. ಹದಿನೇಳನೆಯ ಶತಮಾನದಿಂದ 1799ರವರೆಗೆ ಕೊಯಮತ್ತೂರು ಬಹುಪಾಲು ಶ್ರೀರಂಗಪಟ್ಟಣದ ಮಾತು ಕೇಳುತ್ತಿತ್ತು. ಗಜ್ಜಲಹಟ್ಟಿ ಕಣಿವೆ ಇಳಿದರೆ ಭವಾನಿ ತೀರ, ಅಲ್ಲಿಂದ ನೊಯ್ಯಲ್ ಬಯಲು. ಹಣ, ಧಾನ್ಯ, ದಂಡು ಓಡಾಡಿದ್ದು ಆ ದಾರಿಯಲ್ಲಿ. ಆ ದೀರ್ಘ ಕಾಲದ ಕಂದಾಯದ ಲೆಕ್ಕಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ವರ್ಷದ ಕಥೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಇತಿಹಾಸವನ್ನು ಓದುವಾಗ ಅದು ಎದುರಾಯಿತು.

1790ರ ಜುಲೈನಲ್ಲಿ ಜನರಲ್ ಮೆಡೋಸ್‌ನ ಇಂಗ್ಲಿಷ್ ಸೇನೆ ಕೊಯಮತ್ತೂರನ್ನು ಹಿಡಿಯಿತು. ಮರುವರ್ಷ ಟಿಪ್ಪುವಿನೊಡನೆಯ ಯುದ್ಧ ಬೆಂಗಳೂರಿನ ಕಡೆ ಹೊರಳಿದಾಗ ಈ ಕೋಟೆಯನ್ನು ಉಳಿಸಿಕೊಳ್ಳುವುದು ಕಷ್ಟವೆಂದು ಕಂಡು ಭಾರಿ ತೋಪುಗಳನ್ನು ಪಾಲಕ್ಕಾಡಿಗೆ ಸಾಗಿಸಿದರು. ಇಲ್ಲಿ ಉಳಿದವನು ಲೆಫ್ಟಿನೆಂಟ್ ಚಾಮರ್ಸ್. ಅವನ ಕೈಕೆಳಗೆ ಇದ್ದದ್ದು ತೋಪಾಸರೆಂಬ ಮಿಶ್ರ ಸಂತತಿಯ ಕೆಲವು ಸಿಪಾಯಿಗಳು, ತಿರುವಾಂಕೂರಿನ ಒಂದಿಷ್ಟು ಮಂದಿ. 1791ರ ಜೂನ್‌ನಲ್ಲಿ ಟಿಪ್ಪುವಿನ ದಂಡು ಬಂದು ಸುತ್ತುವರಿಯಿತು. ಆಗಸ್ಟ್ 11ರಂದು ನಡೆದ ಲಗ್ಗೆಯನ್ನು ಒಳಗಿದ್ದವರು ಹಿಮ್ಮೆಟ್ಟಿಸಿದರು. ಪಾಲಕ್ಕಾಡಿನಿಂದ ಮೇಜರ್ ಕಪೇಜ್ ನೆರವಿಗೆ ಬಂದ. ಅಕ್ಟೋಬರಿನಲ್ಲಿ ಟಿಪ್ಪುವಿನ ಸೇನಾನಿ ಖಮರುದ್ದೀನ್ ಖಾನ್ ದೊಡ್ಡ ಸೈನ್ಯದೊಂದಿಗೆ ಮತ್ತೆ ಮುತ್ತಿದ. ಕಪೇಜ್ ಈ ಬಾರಿ ಹಿಂತಿರುಗಬೇಕಾಯಿತು. ನವೆಂಬರ್ ಆರಂಭದಲ್ಲಿ ಕೋಟೆ ಶರಣಾಯಿತು. ಕರಾರಿನಂತೆ ಬಿಡುಗಡೆಯಾಗಬೇಕಿದ್ದವರು ಕೈದಿಗಳಾಗಿ ಶ್ರೀರಂಗಪಟ್ಟಣ ಸೇರಿದರು. ಚಾಮರ್ಸ್ ಮತ್ತು ಅವನ ಜೊತೆಗಾರ ಲೆಫ್ಟಿನೆಂಟ್ ನ್ಯಾಶ್ ಅವರಲ್ಲಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ನೂರು ಮುತ್ತಿಗೆಗಳಲ್ಲಿ ಒಂದಾಗುತ್ತಿತ್ತು. 1792ರ ಫೆಬ್ರುವರಿ 6ರ ರಾತ್ರಿ ಇಂಗ್ಲಿಷ್ ಸೇನೆಯ ದಂಡನಾಯಕ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊರಗಿನ ರಕ್ಷಣಾ ಸಾಲುಗಳನ್ನು ಮುರಿದ. ಟಿಪ್ಪು ಸಂಧಿಗೆ ಮನಸ್ಸು ಮಾಡಿದಾಗ ಪತ್ರ ಒಯ್ಯಲು ಆರಿಸಿದ್ದು ಈ ಇಬ್ಬರು ಕೈದಿಗಳನ್ನು. ಉಕ್ಕಡದ ಪಕ್ಕದ ಕೋಟೆಯಲ್ಲಿ ಸೋತವರು ಒಂದು ರಾಜ್ಯದ ಅರ್ಧಭಾಗದ ಹಣೆಬರಹವನ್ನು ಕೈಯಲ್ಲಿ ಹಿಡಿದು ಶತ್ರುಶಿಬಿರದಿಂದ ಸ್ವಂತ ಶಿಬಿರಕ್ಕೆ ನಡೆದುಹೋದರು. ಅದೇ ತಿಂಗಳ ಕೊನೆಯಲ್ಲಿ, ಅರ್ಧ ರಾಜ್ಯ ಬಿಟ್ಟುಕೊಡುವ ಸಂಧಿಗೆ ಭರವಸೆಯಾಗಿ, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸ್‌ನ ಡೇರೆಗೆ ಬಂದರು. ಹಿರಿಯವನಿಗೆ ಸುಮಾರು ಹತ್ತು ವರ್ಷ, ಕಿರಿಯವನಿಗೆ ಎಂಟು.

ಆ ದೃಶ್ಯವನ್ನು ನೋಡಬೇಕೆಂದರೆ ಲಂಡನ್ನಿಗೆ ಹೋಗಬೇಕು. ದಂಡಿನ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬಿಡಿಸಿದ ಚಿತ್ರ ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅಲ್ಲಿಂದ ತುಸು ದೂರದ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಬಿಳಿಯನ ಮೇಲೆರಗಿದ ಟಿಪ್ಪುವಿನ ಮರದ ಹುಲಿ. ಹೊಟ್ಟೆಯೊಳಗೆ ವಾದ್ಯವಿರುವ ಆ ಹುಲಿಯನ್ನು ನೋಡಲು ಲೋಕವೇ ಹೋಗುತ್ತದೆ. ನಮ್ಮ ಮನೆಗಳ ಹುಡುಗರೂ ಹುಡುಗಿಯರೂ ಅದರ ಮುಂದೆ ನಿಂತು ಫೋಟೊ ಕಳಿಸುತ್ತಾರೆ. ಲೂಟಿಯಾಗಿ ಹೋದ ವಸ್ತು ಅಲ್ಲಿದೆ ಎಂಬ ಸಂಕಟ ನನಗಿದೆ. ಅದಕ್ಕಿಂತ ಹೆಚ್ಚಿನ ಸಂಕಟ, ಯಾರೂ ಲೂಟಿ ಮಾಡಲಾಗದ ನೆಲವನ್ನು ನಾವೇ ಮರೆತಿದ್ದೇವಲ್ಲ ಎಂಬುದು.

ಲಂಡನ್ನಿನವರು ಮರೆಯದಿರಲು ಒಂದು ಸರಳ ಉಪಾಯ ಕಂಡುಕೊಂಡಿದ್ದಾರೆ. ಹೆಸರಾದವರು ಬಾಳಿದ ಮನೆಯ ಗೋಡೆಗೆ ಒಂದು ದುಂಡನೆಯ ಫಲಕ. 1867ರಲ್ಲಿ ಮೊದಲ ಫಲಕ ಬಿದ್ದದ್ದು ಕವಿ ಬೈರನ್ ಹುಟ್ಟಿದ ಮನೆಗೆ. 1889ರಲ್ಲಿ ಆ ಮನೆಯನ್ನೇ ಕೆಡವಿದರು. ಫಲಕ ಹಾಕುವ ಪದ್ಧತಿ ನಿಲ್ಲಲಿಲ್ಲ. ಕಟ್ಟಡ ಹೋಗಬಹುದು, ಇದ್ದ ಜಾಗದ ಗುರುತು ಹೋಗಬಾರದೆಂಬ ಹಟ ಅದು. ಕೋಟೈಮೇಡಿನ ಬೀದಿಗಳಲ್ಲಿ ಎರಡು ಸಲ ಸುತ್ತಿದ್ದೇನೆ, ಮುತ್ತಿಗೆಯ ಬಗ್ಗೆ ಎರಡು ಸಾಲು ಹೇಳುವ ಒಂದು ಹಲಗೆಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಉಕ್ಕಡಂ ಬಡವಾದ ಜಾಗವಲ್ಲ. ನೊಯ್ಯಲ್ ನೀರು ಕಾಲುವೆಗಳಲ್ಲಿ ಹರಿದು ತುಂಬುವ ಕೆರೆಗಳ ಸಾಲಿನಲ್ಲಿ ಇಲ್ಲಿನ ಪೆರಿಯಕುಳಂ ಹೆಸರಿಗೆ ತಕ್ಕ ದೊಡ್ಡಕೆರೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅದರ ಏರಿಗೆ ನಡೆದಾಡುವ ಹಾದಿ ಬಂದಿದೆ. ಸಂಜೆ ಊರಿಗೂರೇ ಅಲ್ಲಿರುತ್ತದೆ, ನೀರಿನ ಮೇಲೆ ಹೆಜ್ಜಾರ್ಲೆಗಳು ತೇಲುತ್ತವೆ. 2024ರ ಆಗಸ್ಟ್‌ನಲ್ಲಿ ಆತುಪಾಲಂವರೆಗಿನ ಮೇಲ್ಸೇತುವೆ ತೆರೆಯಿತು. ಪಾಲಕ್ಕಾಡು, ಪೊಳ್ಳಾಚಿಯ ವಾಹನಗಳು ಈಗ ಉಕ್ಕಡದ ತಲೆಯ ಮೇಲೆಯೇ ದಾಟಿಹೋಗುತ್ತವೆ. ಉತ್ತರಕ್ಕೆ ನಡೆದರೆ ವಿಕ್ಟೋರಿಯಾ ರಾಣಿಯ ಹೆಸರಿನ ಟೌನ್‌ಹಾಲ್. ಅದರಾಚೆ ರಾಜಬೀದಿಯಲ್ಲಿ ಚೌಡೇಶ್ವರಿಯ ಗುಡಿ. ಮಗ್ಗದ ಜೊತೆ ಈ ಸೀಮೆಯಲ್ಲಿ ಬೇರೂರಿದ ದೇವಾಂಗರು ಮನೆಯೊಳಗೆ ಇಂದಿಗೂ ಒಂದು ಬಗೆಯ ಕನ್ನಡವನ್ನು ಆಡುತ್ತಾರೆ. ವಿಜಯದಶಮಿಯಂದು ಅವರ ತರುಣರು ಎದೆಗೆ ಕತ್ತಿ ಹಾಕಿಕೊಳ್ಳುತ್ತ ತಾಯಿಯನ್ನು ಮೆರವಣಿಗೆಯಲ್ಲಿ ಕರೆತರುವುದನ್ನು ಕಂಡವರು ಮರೆಯಲಾರರು. ಕೋಟೆಯ ದಂಡು ಊರು ಬಿಟ್ಟು ಇನ್ನೂರು ವರ್ಷ ದಾಟಿತು. ನೇಕಾರರ ಮಾತು ಬಿಟ್ಟುಹೋಗಲಿಲ್ಲ.

ಇಷ್ಟೆಲ್ಲ ಇರುವಲ್ಲಿ ಬೇಕಾದದ್ದು ಹೆಚ್ಚೇನಲ್ಲ. ಕೆರೆಯ ಹಾದಿಯಲ್ಲಿ ಒಂದು, ಕೋಟೈಮೇಡಿನ ತಿರುವಿನಲ್ಲಿ ಒಂದು ಹಲಗೆ. ಅದರಲ್ಲಿ ತಮಿಳಿನ ಜೊತೆ ಕನ್ನಡದಲ್ಲೂ ನಾಲ್ಕು ಸಾಲು. ಇಲ್ಲೊಂದು ಕೋಟೆ ಇತ್ತು, ಇದು ಎರಡು ಸಲ ಮುತ್ತಿಗೆ ಕಂಡಿತು, ಇಲ್ಲಿ ಸೆರೆಯಾದವರು ಶ್ರೀರಂಗಪಟ್ಟಣದಿಂದ ಸಂಧಿ ಕೋರುವ ಪತ್ರ ಹೊತ್ತರು. ಅಷ್ಟು ಸಾಕು.

ಹಲಗೆ ಇಲ್ಲದ್ದರಿಂದ ಅಂದು ಆ ಮಕ್ಕಳಿಗೆ ನಾನೇ ಹೇಳಿದೆ. ಒತ್ತೆಯಾಗಿ ಹೋದ ಹುಡುಗರ ವಯಸ್ಸು ಕೇಳಿದಾಗ ಚಿಕ್ಕವನು ಅಣ್ಣನ ಮುಖ ನೋಡಿದ. ‘ಅವ್ರು ವಾಪಸ್ ಬಂದ್ರಾ?’ ಎಂದ. ಬಂದರು, ಎರಡು ವರ್ಷದ ಮೇಲೆ, 1794ರಲ್ಲಿ ಎಂದೆ. ಅಷ್ಟರಲ್ಲಿ ಪಳನಿಯ ಬಸ್ಸು ಬಂತು. ಚೀಲ ಎತ್ತಿಕೊಂಡ ತಂದೆ ಮೆಟ್ಟಿಲ ಮೇಲೆ ನಿಂತು, ಕೋಟೈಮೇಡಿನ ಕಡೆ ಕೈ ತೋರಿಸಿ ‘ಆ ಕಡೆ ಅಲ್ವಾ ಸಾರ್? ಬರ್ತಾ ಇಳ್ಕೊಂಡು ನೋಡ್ತೀವಿ’ ಎಂದರು.