ಸ್ಟ್ರಾಬೆರಿ ಗಿಡ ಸಾಯೋದು ಯಾಕೆ? ದಸರಾಕ್ಕೆ ನೆಟ್ಟರೆ ಸಂಕ್ರಾಂತಿಗೆ ಹಣ್ಣು

ಬೆಳಗಾವಿ: ಜನವರಿ-ಫೆಬ್ರುವರಿಯಲ್ಲಿ ನರ್ಸರಿಗೆ ಹೋದರೆ ಕೆಂಪು ಹಣ್ಣು ಜೋತುಬಿದ್ದ ಸ್ಟ್ರಾಬೆರಿ ಗಿಡ ಕಣ್ಣಿಗೆ ಬೀಳುತ್ತೆ. ಮಕ್ಕಳು ಹಟ ಮಾಡ್ತಾರೆ, ದುಡ್ಡು ಕೊಟ್ಟು ತರ್ತೀವಿ. ಎರಡು ವಾರ ಚೆನ್ನಾಗಿರುತ್ತೆ. ಹೋಳಿ ಹುಣ್ಣಿಮೆ ಹೊತ್ತಿಗೆ ಎಲೆ ಸುಟ್ಟು ಗಿಡ ಹೋಗಿಬಿಡುತ್ತೆ. "ನಮ್ಮ ಹವಾಕ್ಕೆ ಇದು ಬರಲ್ಲ" ಅಂತ ಕೈ ಬಿಡ್ತೀವಿ.

ಬರುತ್ತೆ. ತಪ್ಪಿದ್ದು ಗಿಡ ಅಲ್ಲ, ತಂದ ತಿಂಗಳು.

ಯಾವಾಗ ನೆಡಬೇಕು?

ಸ್ಟ್ರಾಬೆರಿ ಚಳಿಗಾಲದ ಬೆಳೆ. ಹಗಲಿನ ಬಿಸಿಲು 20ರಿಂದ 25 ಡಿಗ್ರಿ ಇದ್ದು, ರಾತ್ರಿ ತಂಪಾಗಿದ್ದರೆ ಹೂವು ಚೆನ್ನಾಗಿ ಕಾಯಿ ಕಟ್ಟುತ್ತೆ. ಬಿಸಿಲು 30 ದಾಟಿದರೆ ಹೂವು ಕಡಿಮೆ, ಹಣ್ಣು ಸಣ್ಣ. 2010ರಲ್ಲಿ ಜಿಐ ಟ್ಯಾಗ್ ಪಡೆದ ಮಹಾಬಲೇಶ್ವರದ ಸ್ಟ್ರಾಬೆರಿ ಬೆಳೆಯೋದು 1,300 ಮೀಟರ್‌ಗಿಂತ ಎತ್ತರದ ಬೆಟ್ಟದಲ್ಲಿ. ನಮ್ಮ ಬೆಳಗಾವಿ ಇರೋದು ಸುಮಾರು 750 ಮೀಟರ್‌ನಲ್ಲಿ. ಹಾಗಾಗಿ ನಮಗೆ ಸಿಗೋ ತಂಪು ದಿನಗಳು ಕಡಿಮೆ, ಒಂದು ತಿಂಗಳು ತಡ ಮಾಡಿದರೂ ನಷ್ಟ.

ಮಳೆ ಹಿಂದೆ ಸರಿದ ಮೇಲೆ, ದಸರಾ ಆಸುಪಾಸಿನಲ್ಲಿ ಸಸಿ ನೆಡಿ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿ ಒಳಗೆ ಮೊದಲ ಹಣ್ಣು ಸಿಗುತ್ತೆ, ಫೆಬ್ರುವರಿ ತನಕ ಬಿಡುತ್ತಲೇ ಇರುತ್ತೆ. ಸ್ವೀಟ್ ಚಾರ್ಲಿ, ವಿಂಟರ್ ಡಾನ್ ತಳಿಗಳು ಬೇಗ ಹಣ್ಣು ಕೊಡುತ್ತವೆ, ನಮಗೆ ಅವೇ ಅನುಕೂಲ.

ಬೀಜ ತರಬೇಡಿ

ಆನ್‌ಲೈನ್‌ನಲ್ಲಿ ನೀಲಿ ಸ್ಟ್ರಾಬೆರಿ ಬೀಜ ಅಂತ ಫೋಟೋ ಹಾಕಿ ಮಾರ್ತಾರೆ. ನೀಲಿ ಸ್ಟ್ರಾಬೆರಿ ಅನ್ನೋದು ಇಲ್ಲವೇ ಇಲ್ಲ, ದುಡ್ಡು ಕಳ್ಕೋಬೇಡಿ. ಕೆಂಪು ಹಣ್ಣಿನ ಬೀಜ ಹಾಕಿದರೂ ಮೊಳಕೆಗೇ ವಾರಗಟ್ಟಲೆ ಬೇಕು, ತಾಯಿ ಗಿಡದಂಥ ಹಣ್ಣು ಬರುತ್ತೆ ಅನ್ನೋ ಭರವಸೆಯೂ ಇಲ್ಲ. ಬಳ್ಳಿಯಿಂದ ಬೇರ್ಪಡಿಸಿದ ಸಸಿಯನ್ನೇ ತನ್ನಿ.

ಮಣ್ಣು, ನೀರು

ಖಾನಾಪುರ ಕಡೆಯ ಕೆಂಪು ಮಣ್ಣು ಇದಕ್ಕೆ ಹೊಂದುತ್ತೆ. ಅಥಣಿ, ಸವದತ್ತಿ ಕಡೆಯ ಎರೆಮಣ್ಣಲ್ಲಿ ನೀರು ನಿಲ್ಲುತ್ತೆ, ಬೇರು ಕೊಳೆಯುತ್ತೆ. ಅಲ್ಲಿನವರು ನೆಲಕ್ಕಿಂತ ಕುಂಡ ನಂಬೋದು ಒಳ್ಳೆಯದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸಿ. ಎಂಟರಿಂದ ಹತ್ತು ಇಂಚಿನ ಕುಂಡಕ್ಕೆ ಒಂದೇ ಗಿಡ, ತಳದಲ್ಲಿ ತೂತು ಇರಲೇಬೇಕು. ನೆಲದಲ್ಲಾದರೆ ಏರುಮಡಿ ಮಾಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ.

ಬೇರು ಮೇಲೆ ಮೇಲೆಯೇ ಇರೋದರಿಂದ ಕುಂಡ ಬೇಗ ಒಣಗುತ್ತೆ. ಬೆಳಗ್ಗೆ ಬೆರಳು ಇಟ್ಟು ನೋಡಿ, ಒಣಗಿದ್ದರೆ ಮಾತ್ರ ಬುಡಕ್ಕೆ ನೀರು ಹಾಕಿ. ಬೋರ್‌ವೆಲ್ ನೀರು ಸವಳಾಗಿದ್ದರೆ ಎಲೆ ಅಂಚು ಕಂದಾಗುತ್ತೆ. ಅಂಥ ಕಡೆ ಹಿಡಿದಿಟ್ಟ ಮಳೆ ನೀರು ಬಳಸಿ.

ಸುಳಿ ಹೂಳಬೇಡಿ

ಹೆಚ್ಚಿನವರು ಎಡವೋದು ಇಲ್ಲೇ. ಎಲೆಗಳೆಲ್ಲ ಹುಟ್ಟೋ ಜಾಗವೇ ಸುಳಿ. ಅದು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಆಳಕ್ಕೆ ಹೋದರೆ ಕೊಳೆಯುತ್ತೆ, ಮೇಲೆ ಉಳಿದರೆ ಬೇರು ಒಣಗುತ್ತೆ.

ಮೊದಲ ಮೂರು ವಾರ ಬಂದ ಹೂವನ್ನು ಚಿವುಟಿ. ಮನಸ್ಸು ಬರಲ್ಲ, ಆದರೂ ಚಿವುಟಿ, ಗಿಡ ಗಟ್ಟಿಯಾಗುತ್ತೆ. ಉದ್ದಕ್ಕೆ ಹೊರಡೋ ಬಳ್ಳಿಯನ್ನೂ ಕತ್ತರಿಸಿ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಯೂರಿಯಾ ಜಾಸ್ತಿಯಾದರೆ ಬರೀ ಎಲೆ ಬರುತ್ತೆ.

ಬುಡದ ಸುತ್ತ ಒಣ ಭತ್ತದ ಹುಲ್ಲು ಹಾಸಿದರೆ ಹಣ್ಣು ಮಣ್ಣಿಗೆ ತಾಗಿ ಕೊಳೆಯಲ್ಲ. ಹಣ್ಣು ಬಣ್ಣಕ್ಕೆ ತಿರುಗಿದ ಮೇಲೆ ಹಕ್ಕಿಗಳಿಂದ ಉಳಿಸಲು ಬಲೆ ಕಟ್ಟಿ. ಹೂವಿರುವಾಗ ಜೇನು ಓಡಾಡಲು ಬಿಡಿ, ಇಲ್ಲದಿದ್ದರೆ ಹಣ್ಣು ಸೊಟ್ಟ ಆಗುತ್ತೆ. ಹೂವಿನ ಮೇಲೆ ಔಷಧ ಸಿಂಪಡಿಸಬೇಡಿ.

ಹಣ್ಣಿನ ಅಂಗಡಿಯವರಿಗೆ

ಸ್ಟ್ರಾಬೆರಿ ಬಾಳೆ, ಮಾವಿನ ಹಾಗಲ್ಲ. ಕಿತ್ತ ಮೇಲೆ ಬಣ್ಣ ಸ್ವಲ್ಪ ಏರಬಹುದು, ಸಿಹಿ ಏರಲ್ಲ. ತೊಟ್ಟಿನ ಹತ್ತಿರ ಬಿಳಿ ಇರೋ ಬಾಕ್ಸ್ ತಂದು "ಎರಡು ದಿನ ಇಟ್ಟರೆ ಹಣ್ಣಾಗುತ್ತೆ" ಅಂತ ಗಿರಾಕಿಗೆ ಹೇಳಬೇಡಿ. ಫ್ರೆಶ್ ಕಾಣಲಿ ಅಂತ ನೀರು ಚಿಮುಕಿಸಿದರೆ ಮರುದಿನವೇ ಬೂಷ್ಟು ಹಿಡಿಯುತ್ತೆ. ಒಂದು ಹಣ್ಣು ಕೊಳೆತಿದ್ದರೂ ಬಾಕ್ಸ್‌ನಿಂದ ಆಗಲೇ ತೆಗೆದುಬಿಡಿ. ಮನೆಯಲ್ಲೂ ತಿನ್ನೋ ಮುಂಚೆಯಷ್ಟೇ ತೊಳೆಯಬೇಕು.

ಸಸಿ ಮಾರುವವರೂ ಜನವರಿಯ ಬದಲು ಅಕ್ಟೋಬರ್‌ನಲ್ಲಿ ತರಿಸಿಟ್ಟರೆ ಕೊಂಡವರ ಮನೆಯಲ್ಲಿ ಹಣ್ಣು ಬಿಡುತ್ತೆ, ಮುಂದಿನ ವರ್ಷವೂ ನಿಮ್ಮಲ್ಲಿಗೇ ಬರ್ತಾರೆ.

ಬೇಸಿಗೆಗೆ ಏನು?

ಮಾರ್ಚ್ ಆದ ಮೇಲೆ ಕುಂಡವನ್ನು ನೆರಳಿಗೆ ಸರಿಸಿ, ನೀರು ತಪ್ಪಿಸಬೇಡಿ. ಆಗ ಬರೋ ಬಳ್ಳಿಯ ತುದಿಯನ್ನು ಪಕ್ಕದ ಸಣ್ಣ ಕುಂಡದ ಮಣ್ಣಿಗೆ ತಾಗಿಸಿದರೆ ಹೊಸ ಸಸಿ ಸಿಗುತ್ತೆ. ಉಳಿದರೆ ಲಾಭ. ಉಳಿಯದಿದ್ದರೆ ಬೇಜಾರು ಬೇಡ, ದಸರಾಕ್ಕೆ ಹೊಸ ಸಸಿ ತನ್ನಿ. ಮೊದಲ ವರ್ಷ ನಾಲ್ಕೇ ಕುಂಡ ಸಾಕು, ಕೈ ಪಳಗಿದ ಮೇಲೆ ಹೆಚ್ಚಿಸಿದರಾಯ್ತು.