ಹಾರಂಗಿಯ ಚೀಸಿಗೆ ಯಾವ ಮರದ ಹೊಗೆ?

ಚೀಸಿಗೆ ಹೊಗೆ ಹಿಡಿಸುವುದನ್ನು ಹೇಳಿಕೊಡುವ ವಿದೇಶಿ ಪುಸ್ತಕಗಳಲ್ಲಿ ಓಕ್, ಸೇಬು, ಚೆರ್ರಿ, ಹಿಕರಿ ಮರಗಳ ಹೆಸರು ಇದ್ದೇ ಇರುತ್ತದೆ. ಕೊಡಗಿನ ಹಾರಂಗಿ ಹೊಳೆಯ ಸುತ್ತಲಿನ ತೋಟದವರು ಅದನ್ನು ಓದಿದರೆ ಕಣ್ಣು ಮೊದಲು ಹೋಗುವುದು ಸಿಲ್ವರ್ ಓಕ್ ಕಡೆಗೆ. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಮರ ಅದು. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿದ ಮೇಲೆ ರಾಶಿ ರಾಶಿ ಕೊಂಬೆ ಬಿಟ್ಟಿಯಾಗಿ ಸಿಗುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಆಸ್ಟ್ರೇಲಿಯಾದಿಂದ ಬಂದ ಈ ಗ್ರೆವಿಲಿಯ ಮರಕ್ಕೂ ಯುರೋಪಿನ ಓಕ್ ಮರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಇದರಲ್ಲಿ ಗ್ರೆವಿಲಾಲ್ ಎಂಬ ರಾಸಾಯನಿಕವಿದೆ. ಸಿಲ್ವರ್ ಓಕ್ ಕಡಿಯುವವರಲ್ಲಿ ಕೆಲವರಿಗೆ ಮೈ ಕೆಂಪೇರಿ ತುರಿಸುವುದು ಇಂಥ ವಸ್ತುಗಳಿಂದಲೇ. ಚರ್ಮಕ್ಕೇ ಆಗದ್ದನ್ನು ಹೊಗೆ ಮಾಡಿ ತಿನ್ನುವ ಪದಾರ್ಥಕ್ಕೆ ಹತ್ತಿಸುವ ಪ್ರಯೋಗ ಬೇಡ.

ಹಾರಂಗಿಯಲ್ಲಿ ಚೀಸಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಪುಷ್ಪಗಿರಿ ಬೆಟ್ಟಸಾಲಿನ ನೀರನ್ನು ತರುವ ಈ ಹೊಳೆ, ಹುದುಗೂರಿನ ಅಣೆಕಟ್ಟು ದಾಟಿ ಸ್ವಲ್ಪ ದೂರ ಹರಿದು ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಕರ್ನಾಟಕದ ಹೈನುಗಾರಿಕೆಯ ಚರಿತ್ರೆ ಬರೆಯುವವರು ಆರಂಭಿಸುವುದೂ ಅದೇ ಕೂಡಿಗೆಯಿಂದ. ಅಲ್ಲಿನ ಡೈರಿ ಶುರುವಾದದ್ದು 1955ರಲ್ಲಿ. ಕುಶಾಲನಗರದ ಸೇತುವೆ ದಾಟಿ ಬೈಲುಕುಪ್ಪೆಗೆ ಹೋದರೆ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರಿದ್ದಾರೆ. ಅವರ ಅಡುಗೆಯಲ್ಲಿ ಛುರ್ಪಿಗೆ ದೊಡ್ಡ ಸ್ಥಾನವಿದೆ. ಮಜ್ಜಿಗೆಯನ್ನು ಒಡೆಸಿ, ಹಿಂಡಿ, ಒತ್ತಿ, ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಚೀಸ್ ಅದು. ಹಿಮಾಲಯದ ಮನೆಗಳಲ್ಲಿ ಅದನ್ನು ಒಲೆಯ ಮೇಲೆ ತೂಗುಹಾಕುವ ಪದ್ಧತಿಯಿದೆ. ಕೊಡಗಿನ ಹಳೆಯ ಅಡುಗೆಮನೆಗಳಲ್ಲಿ ಹಂದಿಮಾಂಸವನ್ನು ಒಲೆಯ ಮೇಲೆ ಕಟ್ಟಿ ಒಣಗಿಸುತ್ತಿದ್ದುದೂ ಇದೇ ಲೆಕ್ಕದಲ್ಲಿ. ಹಾಲು, ಹೊಗೆ, ಮರ ಮೂರೂ ಇಲ್ಲಿ ಒಂದು ಗಂಟೆಯ ದಾರಿಯೊಳಗಿವೆ. ಅವನ್ನು ಒಟ್ಟಿಗೆ ತರಲು ಬೇಕಾದದ್ದು ಒಂದು ಸಣ್ಣ ಯಂತ್ರ, ಅಷ್ಟೆ.

ಯಂತ್ರ ಎಂದರೆ ಹೆದರಬೇಕಾಗಿಲ್ಲ. ಬಾಗಿಲಿರುವ ಹಳೆಯ ಕಬ್ಬಿಣದ ಪೆಟ್ಟಿಗೆ ಸಾಕು. ಮೇಲೆ ತಂತಿಯ ತಟ್ಟೆ, ಅದರ ಮೇಲೆ ಚೀಸ್. ಕೆಳಗೆ ಗಾಳಿ ಒಳಬರಲು ಒಂದು ರಂಧ್ರ, ನೆತ್ತಿಯಲ್ಲಿ ಹೊಗೆ ಹೊರಹೋಗಲು ಇನ್ನೊಂದು. ಮುಖ್ಯವಾದದ್ದು ತಳದಲ್ಲಿಡುವ ಜಾಲರಿ ತಟ್ಟೆ. ಅದರೊಳಗೆ ಸುರುಳಿಯಾಕಾರದ ಕಾಲುವೆಯಿದ್ದು, ಕಾಲುವೆಯ ತುಂಬ ಒಣಗಿದ ಮರದ ಹುಡಿ ತುಂಬಿರುತ್ತದೆ. ಒಂದು ತುದಿಗೆ ಮೇಣದಬತ್ತಿಯಿಂದ ಬೆಂಕಿ ತಾಗಿಸಿ, ಜ್ವಾಲೆಯನ್ನು ಊದಿ ಆರಿಸಬೇಕು. ಆಮೇಲೆ ಅದು ಸೊಳ್ಳೆಬತ್ತಿ ಸುಡುವ ಹಾಗೆಯೇ ಸುಡುತ್ತದೆ: ಕಿಡಿ ಮುಂದೆ ಮುಂದೆ ಸರಿಯುತ್ತ, ಹಿಂದೆ ಬೂದಿ ಬಿಡುತ್ತ. ನೂರು ಗ್ರಾಂ ಹುಡಿ ಹಲವು ಗಂಟೆ ಹೊಗೆಯಾಡುತ್ತದೆ. ಹುಡಿಯ ಕಣಗಳ ನಡುವೆ ಗಾಳಿ ಹೆಚ್ಚು ಸುಳಿಯದ ಕಾರಣ ಜ್ವಾಲೆ ಏಳುವುದಿಲ್ಲ. ಕಿಡಿಯ ಬಿಸಿಯೇ ಪಕ್ಕದ ಹುಡಿಯನ್ನು ಕಾಯಿಸಿ ಒಡೆಯುವುದರಿಂದ ಸುಡುವಿಕೆ ನಿಲ್ಲುವುದೂ ಇಲ್ಲ. ಪೆಟ್ಟಿಗೆಯೊಳಗಿನ ಗಾಳಿ ಮಾತ್ರ ಹೊರಗಿನದಕ್ಕಿಂತ ನಾಲ್ಕೈದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು.

ಈ ತಂಪು ಏಕೆ ಬೇಕು? ಹಾಲಿನ ಕೊಬ್ಬು 20 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮೆತ್ತಗಾಗಲು ಶುರುವಾಗಿ, 35–40ರ ಹೊತ್ತಿಗೆ ಪೂರ್ತಿ ಕರಗುತ್ತದೆ. ಚೆಡ್ಡಾರ್ ಚೀಸನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟರೆ ಮೈಯೆಲ್ಲ ಎಣ್ಣೆ ಬೆವರಿ, ಕೊನೆಗೆ ತಂತಿಯ ಸಂದಿನಿಂದ ಕೆಳಗಿಳಿಯುತ್ತದೆ. ಎಣ್ಣೆ ಕಟ್ಟಿದ ಮೈಗೆ ಹೊಗೆಯೂ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ಚೀಸಿನ ಪೆಟ್ಟಿಗೆ 25 ಡಿಗ್ರಿಯೊಳಗೆ ಇದ್ದರೆ ಕ್ಷೇಮ, 30 ದಾಟಲೇಬಾರದು. ಹಾರಂಗಿ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳು ಈ ಕೆಲಸಕ್ಕೆಂದೇ ಬಂದಂತಿರುತ್ತವೆ. ಮಳೆಗಾಲದಲ್ಲಿ ಹುಡಿಯೇ ತೇವ ಹೀರಿಕೊಂಡು ಮುಗ್ಗುತ್ತದೆ. ಏಪ್ರಿಲ್ ಹಗಲಿನಲ್ಲಿ ಚೀಸ್ ನಿಲ್ಲುವುದಿಲ್ಲ.

ಇನ್ನು ಹೊಗೆಯೊಳಗೆ ಏನಿದೆ ನೋಡೋಣ. ಮರದ ಬಹುಪಾಲು ಮೂರು ವಸ್ತುಗಳಿಂದಾದದ್ದು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಅವನ್ನು ಒಟ್ಟಿಗೆ ಹಿಡಿದಿಡುವ ಲಿಗ್ನಿನ್. ಕಾಯಿಸುತ್ತ ಹೋದರೆ ಮೊದಲು ಒಡೆಯುವುದು ಹೆಮಿಸೆಲ್ಯುಲೋಸ್, ಸುಮಾರು 200ರಿಂದ 300 ಡಿಗ್ರಿಯೊಳಗೆ. ಅದರಿಂದ ಅಸಿಟಿಕ್ ಆಮ್ಲ, ಅಂದರೆ ವಿನಿಗರಿನ ಹುಳಿ, ಹೊರಬರುತ್ತದೆ. ಸೆಲ್ಯುಲೋಸ್ ಒಡೆದಾಗ ಬರುವ ಕಾರ್ಬೊನಿಲ್ ಸಂಯುಕ್ತಗಳು ಹಾಲಿನ ಪ್ರೋಟೀನಿನ ಜೊತೆ ಸೇರಿ ಆ ಹೊನ್ನು ಮಿಶ್ರಿತ ಕಂದು ಬಣ್ಣ ಕೊಡುತ್ತವೆ. ಬ್ರೆಡ್ ಸುಟ್ಟಾಗ ಬಣ್ಣ ಬರುವುದೂ ಇದೇ ಕುಟುಂಬದ ಕ್ರಿಯೆಯಿಂದ. ಚೀಸಿನ ಮೇಲೆ ಅದು ತಣ್ಣಗೆ, ನಿಧಾನವಾಗಿ ನಡೆಯುತ್ತದೆ. ಘಮ ಬರುವುದು ಲಿಗ್ನಿನ್‌ನಿಂದ. ಅದು ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲುಗಳು ಹುಟ್ಟುತ್ತವೆ. ನಾಲಿಗೆಗೆ ಹೊಗೆಯ ರುಚಿ ಹೆಚ್ಚಾಗಿ ಮೊದಲನೆಯದರಿಂದ, ಮೂಗಿಗೆ ಹೊಗೆಯ ಪರಿಮಳ ಎರಡನೆಯದರಿಂದ. ಅಗಲ ಎಲೆಯ ಗಟ್ಟಿಮರಗಳ ಲಿಗ್ನಿನ್ ಎರಡನ್ನೂ ಕೊಡುತ್ತದೆ. ಪೈನ್ ಜಾತಿಯ ಸೂಚಿಪರ್ಣ ಮರಗಳಲ್ಲಿ ಸಿರಿಂಗಾಲ್ ಇಲ್ಲವೆನ್ನುವಷ್ಟು ಕಡಿಮೆ, ಮೇಲಿಂದ ರಾಳದ ಕಹಿ ಮತ್ತು ಮಸಿ.

ಇದೇ ಫೀನಾಲುಗಳು ಕೊಬ್ಬು ಕಮಟಾಗುವುದನ್ನು ತಡೆಯುತ್ತವೆ, ಮೇಲ್ಮೈಯಲ್ಲಿ ಬೂಷ್ಟು ಬೆಳೆಯಲು ಬಿಡುವುದಿಲ್ಲ. ಸ್ಪೇನಿನ ಬಾಸ್ಕ್ ಸೀಮೆಯ ಕುರುಬರ ಇದಿಯಾಜಬಾಲ್, ಪೋಲೆಂಡಿನ ತಾತ್ರಾ ಬೆಟ್ಟದ ಓಸ್ತ್ಸಿಪೆಕ್, ಬಂಗಾಳದಲ್ಲಿ ಪೋರ್ಚುಗೀಸರ ಕಾಲದಿಂದ ಉಳಿದು ಬಂದಿರುವ ಬ್ಯಾಂಡೆಲ್ ಚೀಸ್ ಇವೆಲ್ಲ ಹೊಗೆಯಿಂದ ಹೆಸರಾದವು. ಫ್ರಿಜ್ ಇಲ್ಲದ ಕಾಲದಲ್ಲಿ ಗುಡಿಸಲಿನ ಹೊಗೆಯೇ ಕಾವಲು ಕಾಯುತ್ತಿತ್ತು.

ಮರ ಆರಿಸುವವರು ಜಾತಿಯ ಹೆಸರಿನ ಹಿಂದೆ ಬಹಳ ಅಲೆಯುತ್ತಾರೆ. ರಾಳವೂ ಸುಡುವ ಸೊನೆಯೂ ಇಲ್ಲದ, ಗಟ್ಟಿಯಾದ, ಚೆನ್ನಾಗಿ ಒಣಗಿದ ಯಾವ ಹಣ್ಣಿನ ಮರವಾದರೂ ಒಳ್ಳೆಯ ಹೊಗೆ ಕೊಡುತ್ತದೆ. ಅವುಗಳ ನಡುವಿನ ವ್ಯತ್ಯಾಸ ನಯವಾದದ್ದು. ಹೊಗೆಯನ್ನು ಕೆಡಿಸುವುದು ಹಸಿ ಕಟ್ಟಿಗೆ, ಅತಿ ಬಿಸಿ ಮತ್ತು ನಿಂತ ಗಾಳಿ. ನೆತ್ತಿಯ ರಂಧ್ರದಿಂದ ತೆಳ್ಳಗೆ, ನೀಲಿ ಛಾಯೆಯ ಹೊಗೆ ಬರುತ್ತಿದ್ದರೆ ಎಲ್ಲ ಸರಿಯಿದೆ. ಅದರ ಹನಿಗಳು ಬೆಳಕಿನ ತರಂಗದೂರಕ್ಕಿಂತ ಚಿಕ್ಕವಾಗಿದ್ದು ನೀಲಿಯನ್ನೇ ಹೆಚ್ಚು ಚದುರಿಸುತ್ತವೆ. ದಟ್ಟ ಬಿಳಿ ಹೊಗೆಯಲ್ಲಿ ಹನಿಗಳು ದಪ್ಪ. ಅವು ಚೀಸಿನ ಮೇಲೆ ಡಾಂಬರಿನ ಪದರವಾಗಿ ಕೂರುತ್ತವೆ. ಜ್ವಾಲೆ ಎದ್ದು ಬಿಸಿ 400 ಡಿಗ್ರಿ ಮೀರಿದರೆ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳೂ ಹೆಚ್ಚಾಗಿ ಹುಟ್ಟುತ್ತವೆ. ಆದ್ದರಿಂದ ನಿಧಾನವೇ ಇಲ್ಲಿ ಆರೋಗ್ಯ.

ನನ್ನ ಆಯ್ಕೆ ಕೇಳಿದರೆ ಮೊದಲ ಸ್ಥಾನ ಕಾಫಿ ಗಿಡಕ್ಕೆ, ಅದರಲ್ಲೂ ರೊಬಸ್ಟಾಕ್ಕೆ. ಕೊಯ್ಲು ಮುಗಿದು ಗಿಡದ ಕೊಂಬೆ ಸವರುವಾಗ ಬೀಳುವ ಹಳೆಯ, ಹೆಬ್ಬೆರಳಿಗಿಂತ ದಪ್ಪದ ಕೊಂಬೆಗಳನ್ನು ಗಮನಿಸಿ: ಭಾರವಾಗಿರುತ್ತವೆ, ಕತ್ತರಿಸಿದ ಮುಖ ತಿಳಿ ಹಳದಿ, ಎಳೆ ಎಷ್ಟು ಒತ್ತೊತ್ತಾಗಿರುತ್ತದೆಂದರೆ ಉಗುರು ಇಳಿಯುವುದಿಲ್ಲ. ಇಂಥ ಮರ ಸಮನಾಗಿ, ನಿಧಾನವಾಗಿ ಸುಡುತ್ತದೆ. ಒಂದು ಎಚ್ಚರಿಕೆ ಅಗತ್ಯ. ತೋಟಗಳಲ್ಲಿ ಎಲೆ ತುಕ್ಕು, ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ಮಿಶ್ರಣ ಹೊಡೆಯುತ್ತಾರೆ. ಅರೇಬಿಕಾದ ಕಾಂಡಕ್ಕೆ ಬಿಳಿ ಕಾಂಡಕೊರಕದ ಕಾಟ ತಡೆಯಲು ಕೀಟನಾಶಕ ಬಳಿಯುವುದೂ ಉಂಟು. ಕೀಟನಾಶಕ ಕಂಡ ಕಾಂಡ ಯಾವ ಕಾರಣಕ್ಕೂ ಬೇಡ. ತೋಟದ ಯಜಮಾನರನ್ನು ಕೇಳಿ, ಔಷಧಿ ಬೀಳದ ಗಿಡದ್ದನ್ನೇ ತನ್ನಿ, ತೊಗಟೆ ಪೂರ್ತಿ ಕೆತ್ತಿ ತೆಗೆಯಿರಿ.

ಸೀಬೆ ಮರದ ಹೊಗೆ ಸಿಹಿಯೆನಿಸುವಷ್ಟು ಮೃದು; ಪನೀರಿಗೆ ನಾನು ಅದನ್ನೇ ಹೇಳುತ್ತೇನೆ. ಕೊಡಗಿನ ಕಿತ್ತಳೆಯ ಒಣ ಕೊಂಬೆಯೂ ಚೆನ್ನ, ಬೋರ್ಡೋದ ಮಾತು ಅದಕ್ಕೂ ಅನ್ವಯಿಸುತ್ತದೆ. ತೆಂಗಿನ ಕರಟದಲ್ಲಿ ಲಿಗ್ನಿನ್ ಹೆಚ್ಚು, ಘಾಟೂ ಹೆಚ್ಚು. ಗಟ್ಟಿ ಚೀಸಿಗೆ ಒಂದು ಚಿಟಿಕೆ ಬೆರೆಸಿದರೆ ಸಾಕು. ನೀಲಗಿರಿ ಮರದ ಎಣ್ಣೆ ಚೀಸನ್ನು ನೆಗಡಿಯ ಮುಲಾಮು ಮಾಡಿಬಿಡುತ್ತದೆ. ಗೇರು ಜಾತಿಯ ಸೊನೆ ಚರ್ಮ ಸುಡುವಂಥದ್ದು, ಕಣಗಿಲೆ ಪೂರ್ತಿ ವಿಷ, ಹಾಲುವಾಣ ಹಗುರ ಮರವಾದ್ದರಿಂದ ಭುಗ್ಗೆಂದು ಉರಿದುಹೋಗುತ್ತದೆ. ಸಾಮಿಲ್ಲಿನ ಹುಡಿ ಅಗ್ಗಕ್ಕೆ ಸಿಗುತ್ತದೆಂದು ಚೀಲ ಹೊತ್ತು ತರಬೇಡಿ. ಅದರಲ್ಲಿ ಸಿಲ್ವರ್ ಓಕ್, ತೇಗ, ಗರಗಸದ ಎಣ್ಣೆ, ಪ್ಲೈವುಡ್ಡಿನ ಅಂಟು ಎಲ್ಲ ಕಲಸಿಕೊಂಡಿರುತ್ತವೆ.

ಮೊದಲ ಸಲಕ್ಕೆ ಪನೀರ್ ಒಳ್ಳೆಯದು. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದಾಗ ಕೇಸಿನ್ ಜೊತೆ ಹಾಲೊಡಕಿನ ಪ್ರೋಟೀನೂ ಹೆಣೆದುಕೊಂಡು ಬಲೆ ಗಟ್ಟಿಯಾಗುವುದರಿಂದ ಪನೀರ್ ಕರಗುವುದಿಲ್ಲ. ಆದರೆ ನೀರಿನಂಶ ಹೆಚ್ಚು. ಒದ್ದೆ ಮೈ ಹೊಗೆಯ ಆಮ್ಲವನ್ನು ಮೊದಲು ಹೀರಿ ಹುಳಿಯಾಗುತ್ತದೆ. ಬಟ್ಟೆಯಲ್ಲಿ ಒತ್ತಿ, ಫ್ರಿಜ್ಜಿನಲ್ಲಿ ತೆರೆದಿಟ್ಟು ಮೈ ಆರಿಸಿ. ಪೆಟ್ಟಿಗೆಗೆ ಇಡುವ ಮುನ್ನ ಅದರ ಚಳಿ ಬಿಡಲಿ. ಕೊರೆಯುವ ತುಂಡಿನ ಮೇಲೆ ಗಾಳಿಯ ತೇವ ಹನಿಗಟ್ಟಿ, ಹೊಗೆಯ ಡಾಂಬರೂ ಅದರಲ್ಲೇ ಇಳಿದು ಕಹಿಯಾಗುತ್ತದೆ. ಚೆಡ್ಡಾರ್, ಗೌಡಾದಂಥ ಗಟ್ಟಿ ಚೀಸಿಗೆ ಎರಡರಿಂದ ನಾಲ್ಕು ಗಂಟೆ ಹೊಗೆ ಬೇಕು, ಪನೀರಿಗೆ ಎರಡೇ ಸಾಕು. ತಂಪು ಹೊಗೆ ರೋಗಾಣುಗಳನ್ನು ಕೊಲ್ಲುವಷ್ಟು ಬಿಸಿಯಲ್ಲ ಎಂಬುದು ನೆನಪಿರಲಿ. ಪಾಶ್ಚರೀಕರಿಸಿದ ಹಾಲಿನದ್ದನ್ನೇ ಬಳಸಿ, ಕೆಲಸ ಮುಗಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಪೆಟ್ಟಿಗೆಯನ್ನು ಅಂಗಳದಲ್ಲೇ ಇಡಿ. ಜ್ವಾಲೆಯಿಲ್ಲದೆ ಸುಡುವ ಮರ ಕಾರ್ಬನ್ ಮೊನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೆ ಅಪಾಯ.

ಹೊಗೆ ಕೊಟ್ಟ ದಿನವೇ ಚೀಸಿನ ರುಚಿ ನೋಡಿ ತೀರ್ಪು ಕೊಡಬೇಡಿ. ಆಗ ಫೀನಾಲೂ ಆಮ್ಲವೂ ಮೇಲಿನ ಒಂದು ತೆಳು ಪದರದಲ್ಲೇ ಗುಂಪುಗೂಡಿರುತ್ತವೆ, ನಾಲಿಗೆಗೆ ಬೂದಿಯಂತೆ ತಾಗುತ್ತದೆ. ಪನೀರಾದರೆ ಒಂದು ರಾತ್ರಿ ಬಿಟ್ಟು, ಎರಡು ಮೂರು ದಿನದೊಳಗೆ ತಿಂದು ಮುಗಿಸಿ. ಗಟ್ಟಿ ಚೀಸನ್ನು ಬಟರ್ ಪೇಪರಿನಲ್ಲಿ ಸುತ್ತಿ, ಮೇಲೆ ಮರದ ಹೆಸರೂ ತಾರೀಖೂ ಬರೆದು, ಎರಡು ವಾರ ಫ್ರಿಜ್ಜಿನಲ್ಲಿ ಬಿಡಿ. ಹೊಗೆ ಕೊಬ್ಬಿನ ಮೂಲಕ ಒಳಗಿಳಿಯಲು ಅಷ್ಟು ಸಮಯ ಬೇಕು.