ಒಂದೇ ತೂಬಿನ ನೀರು: ಮಂಡಿನೋವಿನ ಮಾತ್ರೆ ಮಾಡುವ ಕೆಲಸ

ಓದುಗರೊಬ್ಬರು ಕೇಳಿದ್ದಾರೆ: “ಅಮ್ಮನಿಗೆ 68 ವರ್ಷ, ಎರಡೂ ಮಂಡಿ ಸವೆದಿವೆ. ಡೈಕ್ಲೋಫೆನಾಕ್ ಮಾತ್ರೆ ತೆಗೆದುಕೊಂಡರೆ ಹೊಟ್ಟೆ ಉರಿ. ಮಾತ್ರೆಯ ಬದಲು ಇಂಜೆಕ್ಷನ್ ಮಾಡಿಸಿದರೆ ಹೊಟ್ಟೆಗೆ ಏನೂ ಆಗುವುದಿಲ್ಲ ಅನ್ನುತ್ತಾರೆ. ನಿಜವೇ?”

ನಿಜವಲ್ಲ. ಯಾಕೆ ಅಲ್ಲ ಎಂಬುದು ಮನಸ್ಸಿಗೆ ಬಂದರೆ, ಈ ಮಾತ್ರೆಗಳನ್ನು ಹೇಗೆ ಬಳಸಬೇಕು ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ.

ಈ ಕುಟುಂಬದ ಹಿರಿಯ ಆಸ್ಪಿರಿನ್. ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲೇ, ಆಸ್ಪಿರಿನ್ನಿಗೆ ಮೂಲವಾದ ವಿಲ್ಲೋ ಮರದ ತೊಗಟೆಯ ಪುಡಿ ಚಳಿಜ್ವರಕ್ಕೆ ಆಗಿಬರುತ್ತದೆಂದು ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದರು. ಜರ್ಮನಿಯ ಬೇಯರ್ ಕಂಪನಿ ಆಸ್ಪಿರಿನ್ ಎಂಬ ಹೆಸರನ್ನು ನೋಂದಾಯಿಸಿದ್ದು 1899ರಲ್ಲಿ. ಆಮೇಲೂ ಏಳು ದಶಕ ಜಗತ್ತೆಲ್ಲ ಅದನ್ನು ನುಂಗಿತು. ಅದು ಮೈಯೊಳಗೆ ಏನು ಮಾಡುತ್ತದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ಲಂಡನ್ನಿನ ಜಾನ್ ವೇನ್ ಗಿನಿಪಿಗ್‌ಗಳ ಶ್ವಾಸಕೋಶದ ಅಂಗಾಂಶ ಇಟ್ಟುಕೊಂಡು ಈ ಒಗಟನ್ನು ಬಿಡಿಸಿದರು: ಆಸ್ಪಿರಿನ್ ಮತ್ತು ಅದರ ಬಳಗದ ಔಷಧಿಗಳು ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳ ತಯಾರಿಯನ್ನೇ ತಡೆಯುತ್ತವೆ. ಈ ಶೋಧಕ್ಕೆ 1982ರ ನೊಬೆಲ್ ಬಂತು. ವೇನ್ ಅದನ್ನು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳೊಂದಿಗೆ ಹಂಚಿಕೊಂಡರು.

ಕೀಲಿನಲ್ಲಿ ಊತ, ಬಿಸಿ, ನೋವು ಹುಟ್ಟಿಸುವುದರಲ್ಲಿ ಪ್ರೊಸ್ಟಗ್ಲ್ಯಾಂಡಿನ್‌ಗಳ ಕೈವಾಡ ದೊಡ್ಡದು. ಆದರೆ ಜಠರದ ಒಳಗೋಡೆಗೆ ಆಮ್ಲ ತಾಗದಂತೆ ಲೋಳೆಯ ಪದರ ಕಟ್ಟಿಸುವುದೂ ಅವೇ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡದ ರಕ್ತನಾಳ ಮುಚ್ಚಿಕೊಳ್ಳದಂತೆ ಹಿಡಿದಿಡುವುದೂ ಅವೇ. ಇವನ್ನೆಲ್ಲ ತಯಾರಿಸುವ ಕಿಣ್ವದ ಹೆಸರು ಕಾಕ್ಸ್.

ಊರ ಕೆರೆಯ ತೂಬನ್ನು ನೆನೆಯಿರಿ. ತೂಬಿನಿಂದ ಹೊರಟ ನೀರು ಕಾಲುವೆ ಹಿಡಿದು ಹತ್ತಾರು ಗದ್ದೆಗಳಿಗೆ ಹೋಗುತ್ತದೆ. ಒಂದು ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತಿದೆಯೆಂದು ತೂಬನ್ನೇ ಮುಚ್ಚಿದರೆ ಆ ಗದ್ದೆ ಬದುಕುತ್ತದೆ, ಅಚ್ಚುಕಟ್ಟಿನ ಉಳಿದ ಗದ್ದೆಗಳು ಒಣಗುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಎಲ್ಲವೂ ಮುಚ್ಚುವುದು ಕಾಕ್ಸ್ ಎಂಬ ತೂಬನ್ನು. ನೋವು ಇಳಿಯುವುದೂ ಹೊಟ್ಟೆ ಹುಣ್ಣಾಗುವುದೂ ಬೇರೆ ಬೇರೆ ಕೆಲಸಗಳಲ್ಲ. ಬಾಯಿಯಿಂದ ಹೋಗಲಿ, ಸೊಂಟದ ಸೂಜಿಯಿಂದ ಹೋಗಲಿ, ಔಷಧಿ ರಕ್ತಕ್ಕೆ ಸೇರಿ ಜಠರದ ಗೋಡೆಯನ್ನು ಮುಟ್ಟಿಯೇ ಮುಟ್ಟುತ್ತದೆ. ಊಟದ ಮೇಲೆ ನುಂಗಿದರೆ ಉರಿ ಕಡಿಮೆಯಾದೀತು, ಹುಣ್ಣಿನ ಭಯ ಹೋಗುವುದಿಲ್ಲ.

1990ರ ದಶಕದ ಆರಂಭದಲ್ಲಿ ಕಥೆ ತಿರುವು ಪಡೆಯಿತು. ತೂಬು ಒಂದಲ್ಲ, ಎರಡು ಎಂದು ಗೊತ್ತಾಯಿತು. ಕಾಕ್ಸ್-1 ಸದಾ ತೆರೆದಿದ್ದು ಜಠರವನ್ನು ಕಾಯುತ್ತದೆ. ಕಾಕ್ಸ್-2 ಹೆಚ್ಚಾಗಿ ಉರಿಯೂತ ಎದ್ದಾಗ ತೆರೆಯುತ್ತದೆ. ಎರಡನೆಯದನ್ನಷ್ಟೇ ಮುಚ್ಚಿದರೆ ಹೊಟ್ಟೆ ಉಳಿಯಿತಲ್ಲ! ಸೆಲೆಕಾಕ್ಸಿಬ್, ರೋಫೆಕಾಕ್ಸಿಬ್ ಹೀಗೆ ಬಂದವು. ‘ವಯಾಕ್ಸ್’ ಹೆಸರಿನ ರೋಫೆಕಾಕ್ಸಿಬ್ 1999ರಲ್ಲಿ ಭಾರೀ ಪ್ರಚಾರದೊಂದಿಗೆ ಮಾರುಕಟ್ಟೆಗೆ ಇಳಿಯಿತು. ಹೊಟ್ಟೆಯ ರಕ್ತಸ್ರಾವ ಕಡಿಮೆಯಾದದ್ದು ಸುಳ್ಳಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಒಂದು ಪ್ರೊಸ್ಟಗ್ಲ್ಯಾಂಡಿನ್ ಬಹುಪಾಲು ಆ ಎರಡನೆಯ ತೂಬಿನಿಂದಲೇ ಬರುತ್ತಿತ್ತು. ಹೃದಯಾಘಾತಗಳು ಹೆಚ್ಚಿದವು. 2004ರ ಸೆಪ್ಟೆಂಬರ್ 30ರಂದು ಮರ್ಕ್ ಕಂಪನಿ ವಯಾಕ್ಸನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಎಚ್ಚರಿಕೆಯ ಸುಳಿವು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲೇ ಇತ್ತು. ನಾಲ್ಕು ವರ್ಷ ಅದನ್ನು ಹಗುರವಾಗಿ ಕಂಡಿದ್ದು ಕ್ಷಮಿಸುವಂಥದಲ್ಲ. ‘ಹೊಟ್ಟೆಗೆ ಹಿತ’ ಎಂಬ ಜಾಹೀರಾತು ಕಂಡಾಗ, ಹೃದಯಕ್ಕೆ ಹೇಗೆ, ಮೂತ್ರಪಿಂಡಕ್ಕೆ ಹೇಗೆ ಎಂದು ಕೇಳಲೇಬೇಕು. ಹಳೆಯ ಔಷಧಿಗಳೂ ಇದರಿಂದ ಹೊರತಲ್ಲ: ಹೃದಯದ ಕಾಯಿಲೆ ಇರುವವರಿಗೆ ಡೈಕ್ಲೋಫೆನಾಕ್ ಬೇಡವೆಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಹೇಳಿತು.

ಮೂತ್ರಪಿಂಡದ ಮಾತು ಬಂದಾಗ ರಣಹದ್ದುಗಳನ್ನು ನೆನೆಯದಿರಲಾಗದು. ಕುಂಟುವ ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಅವು ಸತ್ತ ಮೇಲೆ ಹೆಣ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತಿದೆ ಎಂದು 2004ರಲ್ಲಿ ಪತ್ತೆಯಾಯಿತು. 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾದದ್ದರ ಹಿಂದೆ ಈ ದುರಂತವಿದೆ. ಮನುಷ್ಯ ಹದ್ದಿನಷ್ಟು ಸೂಕ್ಷ್ಮನಲ್ಲ ನಿಜ, ಆದರೆ ನಮ್ಮ ಮೂತ್ರಪಿಂಡವೂ ಈ ಔಷಧಿಗೆ ಹೊರತಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಬಗೆಯ ಮಾತ್ರೆ, ಅದರ ಜೊತೆ ಮೂತ್ರ ಹೆಚ್ಚಿಸುವ ಔಷಧಿ, ಅದರ ಮೇಲೆ ನೋವಿನ ಮಾತ್ರೆ: ಮೂರೂ ಸೇರಿದರೆ ಮೂತ್ರಪಿಂಡ ಥಟ್ಟನೆ ಕೈಕೊಡಬಹುದು. ಟೆಲ್ಮಿಸಾರ್ಟನ್ ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಮೂತ್ರ ಹೆಚ್ಚಿಸುವ ಔಷಧಿ ಅದರೊಳಗೇ ಸೇರಿರುತ್ತದೆ. ಎಷ್ಟೋ ಜನ ಇದನ್ನು ಗಮನಿಸಿರುವುದಿಲ್ಲ. ವಾಂತಿ-ಭೇದಿಯಾಗಿ ಮೈ ಒಣಗಿದ ದಿನಗಳಲ್ಲಂತೂ ನೋವಿನ ಮಾತ್ರೆ ಮುಟ್ಟಲೇಬಾರದು.

ಹಾಗಾದರೆ ಆ ತಾಯಿ ನೋವು ನುಂಗಿಕೊಂಡು ಕೂರಬೇಕೇ? ಖಂಡಿತ ಬೇಡ. ಮಂಡಿ, ಕೈಬೆರಳುಗಳಂಥ ಮೇಲ್ಮೈಗೆ ಹತ್ತಿರದ ಕೀಲುಗಳಿಗೆ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಬೇಕು. ಮಾತ್ರೆಗೆ ಹೋಲಿಸಿದರೆ ಜೆಲ್‌ನಿಂದ ರಕ್ತಕ್ಕೆ ಸೇರುವುದು ಶೇಕಡ 6ರಷ್ಟು ಮಾತ್ರ. ಅದು ಸಾಲದಿದ್ದರೆ ಮಾತ್ರೆ, ಅದೂ ನೋವು ಹಿಡಿತಕ್ಕೆ ಬರುವಷ್ಟು ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ. ಒಂದೇ ಬಳಗದ ಎರಡು ಮಾತ್ರೆ ಒಟ್ಟಿಗೆ ಬೇಡ. ಕಂಪನಿ ಇಟ್ಟ ಹೆಸರು ಬೇರೆ ಇದ್ದರೂ ಒಳಗಿನ ಔಷಧಿ ಒಂದೇ ಆಗಿರಬಹುದು, ಸ್ಟ್ರಿಪ್‌ನ ಮೇಲಿನ ಚಿಕ್ಕ ಅಕ್ಷರ ಓದಬೇಕು. 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ರಕ್ತ ತೆಳುವಾಗಿಸುವ ಔಷಧಿ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಒಮೆಪ್ರಜೋಲ್‌ನಂಥ ಮಾತ್ರೆಯನ್ನೂ ಸೇರಿಸಿಕೊಳ್ಳಬೇಕು. ಆ ‘ಗ್ಯಾಸ್ಟ್ರಿಕ್ ಮಾತ್ರೆ’ ಹೊಟ್ಟೆಯನ್ನಷ್ಟೇ ಕಾಯುತ್ತದೆ. ಮೂತ್ರಪಿಂಡ, ಹೃದಯಕ್ಕೆ ಅದರಿಂದ ರಕ್ಷಣೆಯಿಲ್ಲ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಐಬುಪ್ರೊಫೆನ್ ಅಡ್ಡಬಂದು ಆಸ್ಪಿರಿನ್ನಿನ ಕೆಲಸ ಕೆಡಿಸುತ್ತದೆ, ಅದನ್ನೂ ವೈದ್ಯರಿಗೆ ತಿಳಿಸಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ಕಾಲು ಬಾತುಕೊಂಡರೆ, ಮೂತ್ರ ಕಡಿಮೆಯಾದರೆ, ಎದೆ ಹಿಡಿದುಕೊಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬೆಳಿಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದಿರುತ್ತವೆ, ಎರಡೂ ಕೈಗಳ ಗೆಣ್ಣು ಊದಿವೆ ಎಂದಾದರೆ ಅದು ಸವೆತವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಅಲ್ಲಿ ನೋವಿನ ಮಾತ್ರೆ ನೋವು ತಗ್ಗಿಸುತ್ತದೆಯೇ ಹೊರತು ಮೂಳೆ ಕೊರೆಯುವುದನ್ನು ನಿಲ್ಲಿಸುವುದಿಲ್ಲ. ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬೇಗ ಶುರುವಾಗಬೇಕು. ನೋವು ತಗ್ಗಿತೆಂದು ಕಳೆದ ಪ್ರತಿ ತಿಂಗಳೂ ಕೀಲಿಗೆ ನಷ್ಟ.

ಸವೆದ ಮಂಡಿಗೆ ಬಹುಕಾಲ ಆಸರೆಯಾಗುವುದು ತೊಡೆಯ ಸ್ನಾಯು ಮತ್ತು ಇಳಿದ ತೂಕ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಈ ತಾಯಿ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಬಿಪಿ, ಸಕ್ಕರೆ ಕಾಯಿಲೆಯವೂ ಸೇರಿದಂತೆ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಲಿ. ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲಿ. ಮುಂದಿನ ಸ್ಟ್ರಿಪ್ ಕೊಳ್ಳುವುದು ಆ ಫಲಿತಾಂಶ ನೋಡಿದ ಮೇಲೆ.